ಹಳೇ ಲಿನಕ್ಸ್ ಡೆಸ್ಕ್‌ಟಾಪ್‌ಗೆ ಹೊಸ ಭಾಗ ಹಾಕಿದ ಮೇಲೆ ಕೈಕೊಟ್ಟರೆ: ದೋಷ ನಿವಾರಣೆ ಕೈಪಿಡಿ

ಹೊಸ ಎಸ್‌ಎಸ್‌ಡಿ, ಇನ್ನೊಂದು ರ‍್ಯಾಮ್, ಜೊತೆಗೊಂದು 2 ಟಿಬಿ ಡಿಸ್ಕ್ ತಂದು ಹಾಕಿ ಸ್ವಿಚ್ ಒತ್ತಿದರೆ ಯಂತ್ರ ಏಳುವುದಿಲ್ಲ, ಇಲ್ಲವೇ ಎದ್ದು ಅರ್ಧಕ್ಕೆ ನಿಲ್ಲುತ್ತದೆ. ಆಗ ಅನುಮಾನ ಹೋಗುವುದು ಹೊಸ ಭಾಗದ ಮೇಲೆ. ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬಂದರೂ ಅದೇ ಪಾಡು. ಹಳೇ ಯಂತ್ರದಲ್ಲಿ ದೋಷ ಸಾಮಾನ್ಯವಾಗಿ ಕೂತಿರುವುದು ಹೊಸದು ಹಳೆಯದನ್ನು ಸೇರುವ ಜಾಗದಲ್ಲಿ: ಸೊರಗಿದ ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಒದಗಿಸುವ ಡಬ್ಬಿ), ಡಿಸ್ಕನ್ನು ಬೋರ್ಡಿಗೆ ಸೇರಿಸುವ, ಸಡಿಲವಾದ ಸಾಟಾ ಕೇಬಲ್, ಹೊಸ ಡಿಸ್ಕಿನಿಂದ ಬೂಟ್ ಮಾಡಲು ಬಾರದ ಬಯೋಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ), ಹಳೇ ಡಿಸ್ಕಿನ ಗುರುತನ್ನೇ ಹಿಡಿದು ಕೂತ ಎಫ್‌ಎಸ್‌ಟ್ಯಾಬ್ ಫೈಲು (/etc/fstab, ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್ ವಿಭಾಗಗಳ ಪಟ್ಟಿ).

ಈ ಬರಹ ಎದುರಿಗಿಟ್ಟುಕೊಂಡಿರುವುದು ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಇನ್ನೂ ಓಡುತ್ತಿರುವ ಒಂದು ಬಗೆಯ ಯಂತ್ರವನ್ನು. ಇಂಟೆಲ್ ಎಚ್61 ಮದರ್‌ಬೋರ್ಡ್, 2 ಅಥವಾ 3ನೇ ತಲೆಮಾರಿನ ಐ3, 4 ಜಿಬಿ ಡಿಡಿಆರ್3, 500 ಜಿಬಿ ಹಾರ್ಡ್ ಡಿಸ್ಕ್, ಕ್ಯಾಬಿನೆಟ್ ಜೊತೆಗೇ ಬಂದ ಎಸ್‌ಎಂಪಿಎಸ್. ಮೇಲೆ ಉಬುಂಟು, ಮಿಂಟ್ ಅಥವಾ ಡೆಬಿಯನ್. ಬೇರೆ ಬೋರ್ಡ್ ಇದ್ದರೂ ಹುಡುಕುವ ಕ್ರಮ ಇದೇ.

ಕೈ ಹಾಕುವ ಮುನ್ನ ಎರಡು ಮಾತು. ಹಳೇ ಡಿಸ್ಕಿನ ಫೋಟೊ, ಕಾಗದಪತ್ರ ಬೇರೊಂದು ಡಿಸ್ಕಿಗೆ ನಕಲಾಗುವವರೆಗೆ ಸ್ಕ್ರೂಡ್ರೈವರ್ ಎತ್ತಬೇಡಿ. ತಂದ ಭಾಗಗಳನ್ನೆಲ್ಲ ಒಟ್ಟಿಗೆ ಹಾಕಲೂಬೇಡಿ. ರ‍್ಯಾಮ್ ಹಾಕಿ, ಬೂಟ್ ಮಾಡಿ, ಸರಿಯಿದ್ದರೆ ಆಫ್ ಮಾಡಿ ಎಸ್‌ಎಸ್‌ಡಿ ಹಾಕಿ, ಮತ್ತೆ ಬೂಟ್ ಮಾಡಿ. ಹೀಗೆ ಮಾಡಿದರೆ ಅರ್ಧ ಗಂಟೆ ಹೆಚ್ಚು ಹಿಡಿಯಬಹುದು. ಮೂರನ್ನೂ ಒಮ್ಮೆಲೇ ಹಾಕಿ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಹುಡುಕುವುದರಲ್ಲಿ ಭಾನುವಾರ ಪೂರ್ತಿ ಹೋಗುತ್ತದೆ.

ಯಾವ ಹಂತದಲ್ಲಿ ನಿಂತಿತು

ಮೊದಲು ನೋಡಬೇಕಾದದ್ದು ಇದನ್ನೇ. ಫ್ಯಾನೇ ತಿರುಗದಿದ್ದರೆ, ಅಥವಾ ಒಂದು ಕ್ಷಣ ತಿರುಗಿ ನಿಂತರೆ, ಕರೆಂಟಿನ ಸಮಸ್ಯೆ. ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಇದ್ದರೆ ರ‍್ಯಾಮ್ ಅಥವಾ ಗ್ರಾಫಿಕ್ಸ್ ಕಾರ್ಡ್. ತಯಾರಕರ ಲಾಂಛನ ಬಂದು ‘ಬೂಟ್ ಡಿವೈಸ್ ಸಿಗಲಿಲ್ಲ’ ಎಂದರೆ, ಅಥವಾ ‘ಗ್ರಬ್ ರೆಸ್ಕ್ಯೂ’ ಎಂಬ ಸಾಲಿಗೆ ಬಂದು ನಿಂತರೆ, ಬೂಟ್‌ಲೋಡರ್, ಅಂದರೆ ಡಿಸ್ಕಿನಿಂದ ಲಿನಕ್ಸ್ ಎಬ್ಬಿಸುವ ಗ್ರಬ್ ಎಂಬ ತಂತ್ರಾಂಶ. ಗ್ರಬ್ ಪಟ್ಟಿ ಬಂದು, ಕರ್ನೆಲ್ (ಲಿನಕ್ಸ್‌ನ ತಿರುಳು) ಶುರುವಾಗಿ, ಆವರಣದೊಳಗೆ ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಎಂದು ತೋರಿಸಿ ಕಾಯುತ್ತಿದ್ದರೆ, ಲಿನಕ್ಸ್ ಕೂತಿರುವ ರೂಟ್ ವಿಭಾಗ ಸಿಗುತ್ತಿಲ್ಲ. ಇನ್ನೂ ಮುಂದೆ ಹೋಗಿ ‘ಎಮರ್ಜೆನ್ಸಿ ಮೋಡ್’ಗೆ ಬಿದ್ದರೆ ಎಫ್‌ಎಸ್‌ಟ್ಯಾಬ್. ಎಲ್ಲ ಸರಿಯಾಗಿ ಎದ್ದು, ಆಗಾಗ ಹೆಪ್ಪುಗಟ್ಟಿದರೆ ಅಥವಾ ತಾನೇ ರೀಸ್ಟಾರ್ಟ್ ಆದರೆ, ಕೇಬಲ್, ರ‍್ಯಾಮ್, ಎಸ್‌ಎಂಪಿಎಸ್ ಈ ಮೂರರಲ್ಲಿ ಒಂದು. ಕೊನೆಯ ಬಗೆಯದ್ದೇ ಹೆಚ್ಚು ಕಾಡುವುದು.

ಕರೆಂಟ್ ಮತ್ತು ಎಸ್‌ಎಂಪಿಎಸ್

ಹತ್ತು ವರ್ಷ ಓಡಿದ ಎಸ್‌ಎಂಪಿಎಸ್‌ನಲ್ಲಿ ಕೆಪಾಸಿಟರ್‌ಗಳು ಒಣಗಿ ತಾಕತ್ತು ಕಳೆದುಕೊಂಡಿರುತ್ತವೆ. ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ ಅಷ್ಟು ಎಳೆಯಲಾಗದು. ಹಳೇ ಹೊರೆಗೆ ಸಾಕಾಗುತ್ತಿದ್ದದ್ದು ಹೊಸ ಹೊರೆ ಬಿದ್ದ ಕೂಡಲೇ ಕುಸಿಯುತ್ತದೆ. ಎಸ್‌ಎಸ್‌ಡಿ ಎಳೆಯುವುದು ಕೆಲವೇ ವ್ಯಾಟ್, ಅದರಿಂದ ತೊಂದರೆಯಿಲ್ಲ. 3.5 ಇಂಚಿನ ಹಾರ್ಡ್ ಡಿಸ್ಕ್ ಮಾತ್ರ ತಿರುಗಲು ಶುರುಮಾಡುವ ಹೊತ್ತಿಗೆ 12 ವೋಲ್ಟ್ ತಂತಿಯಲ್ಲಿ ಸುಮಾರು 2 ಆಂಪಿಯರ್ ಕೇಳುತ್ತದೆ. ಎರಡು ಡಿಸ್ಕ್ ಇದ್ದರೆ ಆ ಮೊದಲ ಕೆಲವು ಸೆಕೆಂಡಿನಲ್ಲೇ ಯಂತ್ರ ಮುಗ್ಗರಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಸ್ಲಾಟಿನಿಂದಲೇ 75 ವ್ಯಾಟ್‌ವರೆಗೆ ಎಳೆಯಬಹುದು. 6 ಪಿನ್ನಿನ ಕನೆಕ್ಟರ್ ಇದ್ದರೆ ಮತ್ತೊಂದು 75.

ಪರೀಕ್ಷೆಗೆ ಬೇಕಾದದ್ದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಬಳಸದೆ ಬಿಟ್ಟಿರುವ 4 ಪಿನ್ನಿನ ಮೋಲೆಕ್ಸ್ ಕನೆಕ್ಟರ್ ಹಿಡಿದುಕೊಳ್ಳಿ. ಕಪ್ಪು ಪ್ರೋಬ್ ಕಪ್ಪು ತಂತಿಗೆ, ಕೆಂಪು ಪ್ರೋಬ್ ಹಳದಿ ತಂತಿಗೆ: 11.4ರಿಂದ 12.6ರ ಒಳಗಿರಬೇಕು. ಕೆಂಪು ತಂತಿಯಲ್ಲಿ 4.75ರಿಂದ 5.25. ಯಂತ್ರ ಸುಮ್ಮನಿದ್ದಾಗ ಬಂದ ಅಂಕಿಯನ್ನು ನಂಬಬೇಡಿ. ದೊಡ್ಡದೊಂದು ಫೈಲ್ ನಕಲಾಗುತ್ತಿರುವಾಗಲೇ ‘ಸ್ಟ್ರೆಸ್-ಎನ್‌ಜಿ’ (stress-ng) ಎಂಬ ಹೊರೆ ಹಾಕುವ ತಂತ್ರಾಂಶದಿಂದ ಪ್ರೊಸೆಸರ್ ಬಿಸಿಮಾಡುತ್ತಾ ನೋಡಿ. ಸುಮ್ಮನಿದ್ದಾಗ 12.1 ಇದ್ದದ್ದು ಹೊರೆ ಬಿದ್ದಾಗ 11.3ಕ್ಕೆ ಇಳಿದರೆ ಎಸ್‌ಎಂಪಿಎಸ್ ಬದಲಾಯಿಸಲೇಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟ್ ಆಸುಪಾಸು ಹಿಡಿದಿಟ್ಟುಕೊಂಡಿರಬಹುದು.

ಗೋಡೆಯ ಕಡೆಯ ದೋಷವೂ ಇರುತ್ತದೆ. ಮಂಡ್ಯದ ಕಬ್ಬು, ಭತ್ತದ ಬಯಲಿನ ಊರುಗಳಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಗ್ಗುತ್ತದೆ. ಯಂತ್ರ ದಿನದ ಒಂದೇ ಹೊತ್ತಿನಲ್ಲಿ ರೀಸ್ಟಾರ್ಟ್ ಆಗುತ್ತಿದ್ದರೆ ಆ ಹೊತ್ತಿಗೆ ಸಾಕೆಟ್ಟಿನ ವೋಲ್ಟೇಜ್ ಅಳೆದು, ಎಸ್‌ಎಂಪಿಎಸ್ ಮೇಲೆ ಅಚ್ಚಾಗಿರುವ ಇನ್‌ಪುಟ್ ವ್ಯಾಪ್ತಿಯ ಜೊತೆ ಹೋಲಿಸಿ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಕ್ಷಣದಲ್ಲೇ ಯಂತ್ರ ಆರುತ್ತದೆ ಎಂದಾದರೆ, ಇನ್ವರ್ಟರ್ ಹಿಂಬದಿಯ ಸ್ವಿಚ್ಚನ್ನು ‘ಯುಪಿಎಸ್’ ಕಡೆಗೆ ಹಾಕಿ ನೋಡಿ. ಬದಲಾವಣೆಗೆ ಹಿಡಿಯುವ ಸಮಯ ಕಡಿಮೆಯಾಗುತ್ತದೆ. ಆಲೆಮನೆಗಳ ಹತ್ತಿರದ ಮನೆಗಳಲ್ಲಿ ಇನ್ನೊಂದು ಕಾಟ: ಬೆಲ್ಲ ಕಾಯಿಸುವ ಒಲೆಯ ಸಣ್ಣ ಮಸಿ ಪ್ರೊಸೆಸರ್ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಅಂಟಿಕೊಂಡು ಗಾಳಿ ಆಡಲು ಬಿಡುವುದಿಲ್ಲ. ಬ್ಲೋವರ್‌ನಿಂದ ಹೊಡೆದರೆ ಮೇಲಿನ ಧೂಳು ಹೋಗುತ್ತದೆ, ಅಂಟಿದ್ದು ಹೋಗುವುದಿಲ್ಲ. ಹೀಟ್‌ಸಿಂಕ್ ಕಳಚಿ, ಬ್ರಷ್‌ನಿಂದ ಉಜ್ಜಿ, ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ. ಪೇಸ್ಟ್ ಬಟಾಣಿ ಕಾಳಿಗಿಂತ ಚಿಕ್ಕ ಬೊಟ್ಟು ಸಾಕು.

ರ‍್ಯಾಮ್: ಚಿಪ್ ಎಣಿಸಿ

ಎಚ್61 ಬೋರ್ಡಿನಲ್ಲಿ ಎರಡು ಸ್ಲಾಟ್, ಒಂದೊಂದಕ್ಕೆ 8 ಜಿಬಿ, ಒಟ್ಟು 16. ಲೆಕ್ಕ ಸುಲಭ ಅನಿಸಿದರೂ 8 ಜಿಬಿ ಎಂದು ಬರೆದ ಎಲ್ಲ ಡಿಡಿಆರ್3 ಕಡ್ಡಿಯೂ ಇದರಲ್ಲಿ ಏಳುವುದಿಲ್ಲ. ಈ ತಲೆಮಾರಿನ ಇಂಟೆಲ್ ಪ್ರೊಸೆಸರ್ ಒಂದು ಚಿಪ್ಪಿನಲ್ಲಿ 4 ಗಿಗಾಬಿಟ್, ಅಂದರೆ 512 ಎಂಬಿವರೆಗೆ ಮಾತ್ರ ಓದಬಲ್ಲದು. ಹಾಗಾಗಿ 8 ಜಿಬಿ ಕಡ್ಡಿಯಲ್ಲಿ ಎರಡೂ ಬದಿಗೆ ಎಂಟೆಂಟರಂತೆ 16 ಚಿಪ್ ಇರಬೇಕು. ಒಂದೇ ಬದಿಯಲ್ಲಿ 8 ಚಿಪ್ ಇರುವ 8 ಜಿಬಿ ಕಡ್ಡಿ ಹಾಕಿದರೆ ಪರದೆ ಬರುವುದಿಲ್ಲ. ಇನ್ನೂ ಹಳೆಯ ಜಿ41 ಬೋರ್ಡಿನಲ್ಲಿ ಮಿತಿ ಇದರ ಅರ್ಧ: 4 ಜಿಬಿ ಕಡ್ಡಿಗೇ 16 ಚಿಪ್ ಬೇಕು. ಅಗ್ಗಕ್ಕೆ ಸಿಗುವ, ‘ಎಎಂಡಿಗೆ ಮಾತ್ರ’ ಎಂಬ ಚೀಟಿಯ ಕಡ್ಡಿಗಳು ಚಿಪ್ ಜೋಡಣೆಯೇ ಬೇರೆಯಾದ್ದರಿಂದ ಇಂಟೆಲ್ ಬೋರ್ಡಿನಲ್ಲಿ ಓಡುವುದಿಲ್ಲ. ಅಂಗಡಿಯಲ್ಲೇ ಕಡ್ಡಿ ತಿರುಗಿಸಿ ಎಣಿಸಿಕೊಳ್ಳಿ. ಮೈಸೂರಿನಿಂದ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ತರುವವರಂತೂ ತಪ್ಪದೆ ಎಣಿಸಬೇಕು.

ಸರಿಯಾದ ಕಡ್ಡಿಯೇ ಇದ್ದು ಪರದೆ ಬರದಿದ್ದರೆ ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡಿ. ಬೋರ್ಡಿನಲ್ಲಿ ಬಜರ್ ಇದ್ದರೆ ಬಿಟ್ಟುಬಿಟ್ಟು ಬೀಪ್ ಕೇಳಿಸಬೇಕು. ಕೇಳಿಸಿದರೆ ಬೋರ್ಡೂ ಪ್ರೊಸೆಸರೂ ಜೀವಂತವಾಗಿವೆ. ಆಮೇಲೆ ಕಡ್ಡಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆಯ ಕ್ಲಿಪ್ ‘ಟಕ್’ ಎನ್ನುವವರೆಗೆ ಒತ್ತಿ. ಒಂದು ಕಡ್ಡಿ ಒಂದು ಸ್ಲಾಟಿನಲ್ಲಿ, ನಂತರ ಅದೇ ಕಡ್ಡಿ ಇನ್ನೊಂದರಲ್ಲಿ. ಎದ್ದ ಮೇಲೆ ‘ಮೆಮ್‌ಟೆಸ್ಟ್86+’ ರಾತ್ರಿಯಿಡೀ ಓಡಲಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಡ್ಡಿಯನ್ನು ಇಟ್ಟುಕೊಳ್ಳಬಾರದು. ಕೆಟ್ಟ ರ‍್ಯಾಮ್ ಯಂತ್ರವನ್ನು ನಿಲ್ಲಿಸುವುದಕ್ಕಿಂತ ಮುಂಚೆ, ನಕಲಾಗುತ್ತಿರುವ ಫೈಲುಗಳನ್ನು ಸದ್ದಿಲ್ಲದೆ ಹಾಳುಮಾಡುತ್ತದೆ; ಡೇಟಾ ವರ್ಗಾಯಿಸುವ ಮೊದಲೇ ಈ ಪರೀಕ್ಷೆ ಮುಗಿಸಲು ಹೇಳುವುದು ಅದಕ್ಕೇ.

ಡಿಸ್ಕ್ ಕೆಟ್ಟಿದೆಯೋ, ಕೇಬಲ್ ಕೆಟ್ಟಿದೆಯೋ

ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಯಂತ್ರ ಐದು ಹತ್ತು ಸೆಕೆಂಡು ಹೆಪ್ಪುಗಟ್ಟಿ ಮತ್ತೆ ಚಲಿಸುತ್ತಿದ್ದರೆ, ಟರ್ಮಿನಲ್‌ನಲ್ಲಿ ‘ಸುಡೊ ಡಿಮೆಸೇಜ್’ (sudo dmesg) ಕೊಟ್ಟು ‘ಎಟಿಎ’ಯಿಂದ ಶುರುವಾಗುವ ಸಾಲುಗಳನ್ನು ನೋಡಿ. ‘ಹಾರ್ಡ್ ರೀಸೆಟಿಂಗ್ ಲಿಂಕ್’ ಎಂಬುದು ಮತ್ತೆ ಮತ್ತೆ ಕಂಡರೆ ಡಿಸ್ಕಿಗೂ ಬೋರ್ಡಿಗೂ ನಡುವಿನ ಮಾತು ಕಡಿದುಹೋಗುತ್ತಿದೆ. ಅದರ ಆಸುಪಾಸಿನ ಅಕ್ಷರಗಳೇ ತೀರ್ಪು ಕೊಡುತ್ತವೆ. ‘ಐಸಿಆರ್‌ಸಿ’ ಇದ್ದರೆ ದಾರಿಯಲ್ಲಿ ಡೇಟಾ ಕೆಟ್ಟಿದೆ: ಕೇಬಲ್ ಅಥವಾ ಪೋರ್ಟ್. ‘ಯುಎನ್‌ಸಿ’ ಇದ್ದರೆ ಡಿಸ್ಕ್ ತನ್ನಲ್ಲೇ ಇರುವುದನ್ನು ಓದಲಾಗದೆ ಸೋತಿದೆ: ಡಿಸ್ಕೇ ಕೆಟ್ಟಿದೆ.

ಇದನ್ನು ಖಚಿತಪಡಿಸಿಕೊಳ್ಳಲು ‘ಸ್ಮಾರ್ಟ್‌ಮಾನ್‌ಟೂಲ್ಸ್’ (smartmontools) ಪ್ಯಾಕೇಜ್ ಹಾಕಿ, ಡಿಸ್ಕಿನ ಹೆಸರು ಕೊಟ್ಟು ‘ಸ್ಮಾರ್ಟ್‌ಸಿಟಿಎಲ್ -ಎ’ (smartctl -a) ಓಡಿಸಿ. ಪಟ್ಟಿ ಉದ್ದವಿದ್ದರೂ ಹಾರ್ಡ್ ಡಿಸ್ಕಿನಲ್ಲಿ ಬೇಕಾದದ್ದು ನಾಲ್ಕು ಸಾಲು. 5ನೇ ಸಂಖ್ಯೆ, ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕಿನ ಸಣ್ಣ ತುಣುಕುಗಳು). 197, ಓದಲಾಗದೆ ಕಾಯುತ್ತಿರುವವು. 198, ಪರೀಕ್ಷೆಯಲ್ಲೂ ಓದಲಾಗದವು. 199, ಕೇಬಲ್ ದಾರಿಯ ತಪ್ಪುಗಳು. 199 ಮಾತ್ರ ಏರುತ್ತಿದ್ದು ಉಳಿದ ಮೂರು ಸೊನ್ನೆ ಇದ್ದರೆ ಡಿಸ್ಕ್ ಹಿಂದಿರುಗಿಸುವ ಅಗತ್ಯವೇ ಇಲ್ಲ. ಲೋಹದ ಕ್ಲಿಪ್ ಇರುವ ಹೊಸ ಸಾಟಾ ಕೇಬಲ್ ಹಾಕಿ, ಬೇರೆ ಪೋರ್ಟಿಗೆ ಚುಚ್ಚಿ. 199ರ ಹಳೇ ಎಣಿಕೆ ಅಳಿಯುವುದಿಲ್ಲ. ಕೇಬಲ್ ಬದಲಾಯಿಸಿದ ದಿನದ ಅಂಕಿ ಬರೆದಿಟ್ಟುಕೊಂಡು ವಾರ ಬಿಟ್ಟು ನೋಡಿ. ಅಲ್ಲೇ ನಿಂತಿದ್ದರೆ ದೋಷ ಹೋಯಿತು. 197 ಏರುತ್ತಿದ್ದರೆ ಬೇರೆ ಮಾತೇ ಇಲ್ಲ, ಇರುವುದನ್ನು ಈಗಲೇ ಹೊರಗೆಳೆದುಕೊಳ್ಳಿ.

ಹಾಗೆ ಸಾಯುತ್ತಿರುವ ಡಿಸ್ಕನ್ನು ‘ಡಿಡಿ’ಯಿಂದ ನಕಲಿಸಬೇಡಿ; ಮೊದಲ ಕೆಟ್ಟ ಸೆಕ್ಟರಿಗೇ ಅದು ನಿಂತುಬಿಡುತ್ತದೆ. ‘ಜಿಡಿಡಿರೆಸ್ಕ್ಯೂ’ ಪ್ಯಾಕೇಜಿನಲ್ಲಿರುವ ‘ಡಿಡಿರೆಸ್ಕ್ಯೂ’ (ddrescue) ಬಳಸಿ: ಮೊದಲು ಮೂಲ ಡಿಸ್ಕ್, ನಂತರ ಗುರಿ, ಕೊನೆಗೆ ಮ್ಯಾಪ್ ಫೈಲ್. ಮೊದಲ ಸುತ್ತು ‘-ಎನ್’ (-n) ಜೊತೆ, ಓದಲು ಸಿಕ್ಕುವುದೆಲ್ಲ ಬೇಗ ಬರಲಿ. ಎರಡನೇ ಸುತ್ತು ‘-ಆರ್3’ (-r3) ಜೊತೆ, ಉಳಿದ ಮೂಲೆಗಳನ್ನು ಮೂರು ಬಾರಿ ಕೆದಕಲಿ. ಮ್ಯಾಪ್ ಫೈಲ್ ಮೂರನೆಯ ಡಿಸ್ಕಿನಲ್ಲೋ ಪೆನ್‌ಡ್ರೈವ್‌ನಲ್ಲೋ ಇರಲಿ. ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುವುದು ಅದರಿಂದಲೇ. ಮೂಲ ಯಾವುದು, ಗುರಿ ಯಾವುದು ಎಂದು ‘ಎಲ್‌ಎಸ್‌ಬಿಎಲ್‌ಕೆ’ (lsblk) ಕೊಟ್ಟು, ಡಿಸ್ಕಿನ ಗಾತ್ರ ಮತ್ತು ಮಾದರಿ ನೋಡಿಕೊಂಡೇ ಎಂಟರ್ ಒತ್ತಿ. ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ನಕಲಾಗುತ್ತದೆ.

ಹೊಸ ಎಸ್‌ಎಸ್‌ಡಿಗೆ ಪವರ್ ಕನೆಕ್ಟರ್ ಸಾಲದೆ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಕೊಳ್ಳುವುದಾದರೆ, ಪ್ಲಾಸ್ಟಿಕ್ ಕರಗಿಸಿ ಅಚ್ಚು ಹೊಯ್ದ ತಲೆಯದ್ದು ಬೇಡ. ಅದರೊಳಗಿನ ತಂತಿಗಳು ಒಂದಕ್ಕೊಂದು ತಗುಲಿ ಬೆಂಕಿ ಹತ್ತಿದ ಪ್ರಕರಣಗಳಿವೆ. ಪಿನ್ನುಗಳನ್ನು ಬೇರೆಬೇರೆಯಾಗಿ ಕ್ರಿಂಪ್ ಮಾಡಿ, ಹಿಂದೆ ಮುಚ್ಚಳ ಹಾಕಿದ್ದನ್ನು ಕೇಳಿ ತೆಗೆದುಕೊಳ್ಳಿ.

ಇನ್ನೊಂದು ವಿಚಿತ್ರ: ಯುಎಸ್‌ಬಿ ಡಬ್ಬಿಯಲ್ಲಿಟ್ಟು ಫಾರ್ಮ್ಯಾಟ್ ಮಾಡಿ ಫೈಲ್ ತುಂಬಿಸಿದ ದೊಡ್ಡ ಡಿಸ್ಕನ್ನು ಬೋರ್ಡಿಗೆ ನೇರ ಚುಚ್ಚಿದರೆ ‘ವಿಭಾಗವೇ ಇಲ್ಲ’ ಎನ್ನುತ್ತದೆ. ಕೆಲವು ಡಬ್ಬಿಗಳು ಸೆಕ್ಟರನ್ನು 512ರ ಬದಲು 4096 ಬೈಟ್ ಎಂದು ತೋರಿಸುತ್ತವೆ. ವಿಭಾಗಪಟ್ಟಿಯ ಲೆಕ್ಕ ಅದರಿಂದ ತಪ್ಪುತ್ತದೆ. ಡೇಟಾ ಎಲ್ಲೂ ಹೋಗಿರುವುದಿಲ್ಲ. ಅದೇ ಡಬ್ಬಿಗೆ ಮತ್ತೆ ಹಾಕಿ, ಬೇರೆಡೆ ನಕಲಿಸಿ, ಡಿಸ್ಕನ್ನು ಬೋರ್ಡಿನಲ್ಲೇ ಹೊಸದಾಗಿ ಫಾರ್ಮ್ಯಾಟ್ ಮಾಡಿ.

ಬೂಟ್‌ಲೋಡರ್ ಸಿಗದಿದ್ದರೆ

ಎಚ್61 ಕಾಲದ ಬೋರ್ಡುಗಳಲ್ಲಿ ಕೆಲವು ಹಳೇ ಬಯೋಸ್, ಹಲವು ಅದರ ಜಾಗಕ್ಕೆ ಬಂದ ಮೊದಮೊದಲ ಯುಇಎಫ್‌ಐ. ಎಲ್ಲ ಗೊಂದಲ ಹುಟ್ಟುವುದು ಪೆನ್‌ಡ್ರೈವ್ ಒಂದು ಬಗೆಯಲ್ಲಿ, ಎಸ್‌ಎಸ್‌ಡಿ ಇನ್ನೊಂದು ಬಗೆಯಲ್ಲಿ ಬೂಟ್ ಆದಾಗ. ಲೈವ್ ಪೆನ್‌ಡ್ರೈವ್‌ನಿಂದ (ಡಿಸ್ಕಿಗೆ ಹಾಕದೆಯೇ ಲಿನಕ್ಸ್ ಓಡಿಸುವಂಥದ್ದು) ಎದ್ದು ‘/ಸಿಸ್/ಫರ್ಮ್‌ವೇರ್/ಇಎಫ್‌ಐ’ (/sys/firmware/efi) ಎಂಬ ಫೋಲ್ಡರ್ ಇದೆಯೇ ನೋಡಿ. ಇದ್ದರೆ ಯುಇಎಫ್‌ಐನಲ್ಲಿ ಎದ್ದಿದ್ದೀರಿ: ಎಸ್‌ಎಸ್‌ಡಿಯಲ್ಲಿ ಫ್ಯಾಟ್32ರ ಇಎಫ್‌ಐ ವಿಭಾಗ ಬೇಕು, 512 ಎಂಬಿ ಧಾರಾಳ. ಇಲ್ಲದಿದ್ದರೆ ಹಳೇ ಬಯೋಸ್ ಬಗೆ. ಆಗ ಜಿಪಿಟಿ ವಿಭಾಗಪಟ್ಟಿ ಹಾಕಿದ್ದರೆ ಗ್ರಬ್‌ಗೆಂದೇ 1 ಎಂಬಿಯ ‘ಬಯೋಸ್ ಬೂಟ್’ ವಿಭಾಗ ಬಿಡಬೇಕು, ಅದನ್ನು ಫಾರ್ಮ್ಯಾಟ್ ಮಾಡಬಾರದು. 2.2 ಟಿಬಿಗಿಂತ ದೊಡ್ಡ ಡಿಸ್ಕಿಗೆ ಹಳೇ ಬಗೆಯ ಎಂಬಿಆರ್ ವಿಭಾಗಪಟ್ಟಿ ಆಗದು, ಜಿಪಿಟಿಯೇ ಗತಿ.

ಗ್ರಬ್ ಮತ್ತೆ ಕೂರಿಸುವ ಕ್ರಮ ಹೀಗೆ. ಲೈವ್ ಪೆನ್‌ಡ್ರೈವ್‌ನಿಂದ, ಎಸ್‌ಎಸ್‌ಡಿ ಬೂಟ್ ಆಗಬೇಕಾದ ಬಗೆಯಲ್ಲೇ ಏಳಿ. ರೂಟ್ ವಿಭಾಗವನ್ನು ‘/ಎಂಎನ್‌ಟಿ’ಗೆ (/mnt) ಮೌಂಟ್ ಮಾಡಿ, ಅಂದರೆ ಜೋಡಿಸಿ, ಯುಇಎಫ್‌ಐ ಆದರೆ ಇಎಫ್‌ಐ ವಿಭಾಗವನ್ನು ಅದರೊಳಗಿನ ‘ಬೂಟ್/ಇಎಫ್‌ಐ’ಗೆ. ‘ಡೆವ್’, ‘ಪ್ರೊಕ್’, ‘ಸಿಸ್’, ‘ರನ್’ ನಾಲ್ಕನ್ನೂ ಬೈಂಡ್ ಮಾಡಿ, ‘ಚ್ರೂಟ್’ (chroot) ಮೂಲಕ ಡಿಸ್ಕಿನಲ್ಲಿರುವ ಲಿನಕ್ಸ್ ಒಳಹೊಕ್ಕು ‘ಗ್ರಬ್-ಇನ್‌ಸ್ಟಾಲ್’ (grub-install), ನಂತರ ‘ಅಪ್‌ಡೇಟ್-ಗ್ರಬ್’ (update-grub). ಬಯೋಸ್ ಬಗೆಯಲ್ಲಿ ಗ್ರಬ್-ಇನ್‌ಸ್ಟಾಲ್‌ಗೆ ಇಡೀ ಡಿಸ್ಕಿನ ಹೆಸರು ಕೊಡಬೇಕು, ವಿಭಾಗದ್ದಲ್ಲ. ಇಷ್ಟಾದರೂ ಹಳೇ ಯುಇಎಫ್‌ಐ ಬೋರ್ಡ್ ಗುರುತಿಸದಿದ್ದರೆ ‘ಗ್ರಬ್-ಇನ್‌ಸ್ಟಾಲ್ --ರಿಮೂವಬಲ್’ (grub-install --removable) ಕೊಡಿ. ಗ್ರಬ್ ಆಗ ‘ಇಎಫ್‌ಐ/ಬೂಟ್/ಬೂಟ್‌ಎಕ್ಸ್64’ ಎಂಬ ಜಾಗದಲ್ಲಿ ಕೂರುತ್ತದೆ. ಬೋರ್ಡ್ ತನ್ನ ಬೂಟ್ ಪಟ್ಟಿಯನ್ನು ಮರೆತರೂ ಆ ಜಾಗವನ್ನು ಹುಡುಕಿಕೊಂಡೇ ಹೋಗುತ್ತದೆ.

ಈ ಬೋರ್ಡಿಗೆ ಎನ್‌ವಿಎಂಇ ಕಾರ್ಡ್ (ಸಾಟಾಗಿಂತ ವೇಗದ ಬಗೆಯ ಎಸ್‌ಎಸ್‌ಡಿ) ಕೊಳ್ಳುವ ಆಸೆ ಬಿಡುವುದು ಒಳ್ಳೆಯದು. ಅಡಾಪ್ಟರ್ ಮೇಲೆ ಕೂರಿಸಿದರೆ ಲಿನಕ್ಸ್ ನೋಡುತ್ತದೆ, ಬೋರ್ಡ್ ಮಾತ್ರ ಅದರಿಂದ ಬೂಟ್ ಮಾಡದು. ಆಗಲೇ ಕೊಂಡಿದ್ದರೆ ‘/ಬೂಟ್’ ಹಾಗೂ ಇಎಫ್‌ಐ ವಿಭಾಗವನ್ನು ಸಾಟಾ ಡಿಸ್ಕಿನಲ್ಲಿಟ್ಟು, ರೂಟ್ ಮಾತ್ರ ಎನ್‌ವಿಎಂಇಯಲ್ಲಿ ಇಡಿ. ಎಚ್61ರ ಸಾಟಾ ಪೋರ್ಟ್ 3 ಗಿಗಾಬಿಟ್‌ನದು, ಎಸ್‌ಎಸ್‌ಡಿ ಸೆಕೆಂಡಿಗೆ 280 ಎಂಬಿ ದಾಟುವುದಿಲ್ಲ. ಡಬ್ಬಿಯ ಮೇಲೆ 550 ಎಂದು ಬರೆದಿರುವುದು 6 ಗಿಗಾಬಿಟ್ ಪೋರ್ಟಿಗೆ. ಇದು ದೋಷವಲ್ಲ, ಮನೆಬಳಕೆಯಲ್ಲಿ ವ್ಯತ್ಯಾಸವೂ ಅಷ್ಟು ಗೊತ್ತಾಗದು.

ಗ್ರಬ್ ದಾಟಿ ನಿಂತರೆ

ಇನಿಟ್‌ರ‍್ಯಾಮ್‌ಎಫ್‌ಎಸ್ ಸಾಲಿನಲ್ಲಿ ‘ಯುಯುಐಡಿ ಇಲ್ಲ’ ಎಂಬ ಎಚ್ಚರಿಕೆ ಕಂಡರೆ (ಯುಯುಐಡಿ ಅಂದರೆ ಪ್ರತಿ ವಿಭಾಗದ ಗುರುತಿನ ಸಂಖ್ಯೆ), ಅಲ್ಲೇ ‘ಬಿಎಲ್‌ಕೆಐಡಿ’ (blkid) ಕೊಟ್ಟು ಕಾಣಿಸುವ ಯುಯುಐಡಿಗಳನ್ನು ಹೋಲಿಸಿ. ಡಿಸ್ಕೇ ಕಾಣದಿದ್ದರೆ ಮತ್ತೆ ಕೇಬಲ್ ಕಡೆ ಹೋಗಿ. ಡಿಸ್ಕ್ ಇದ್ದು ಯುಯುಐಡಿ ಬೇರೆಯಾಗಿದ್ದರೆ, ಫೈಲುಗಳನ್ನು ಹೊಸ ವಿಭಾಗಕ್ಕೆ ನಕಲಿಸಿದವರು ಎಫ್‌ಎಸ್‌ಟ್ಯಾಬ್ ತಿದ್ದಿಲ್ಲ, ಅಪ್‌ಡೇಟ್-ಗ್ರಬ್ ಓಡಿಸಿಲ್ಲ ಎಂದರ್ಥ.

ಇಡೀ ಡಿಸ್ಕನ್ನು ಕ್ಲೋನ್ ಮಾಡಿದವರಿಗೆ ಇದರ ತದ್ವಿರುದ್ಧ ತೊಂದರೆ. ಎರಡೂ ಡಿಸ್ಕಿಗೆ ಒಂದೇ ಯುಯುಐಡಿ ಇರುತ್ತದೆ, ಯಾವುದು ಮೌಂಟ್ ಆಗುತ್ತದೆ ಎಂಬುದಕ್ಕೆ ಖಾತರಿಯಿಲ್ಲ. ಎಸ್‌ಎಸ್‌ಡಿಯಲ್ಲಿದ್ದೇವೆ ಎಂದುಕೊಂಡು ವಾರಗಟ್ಟಲೆ ಹಳೇ ಡಿಸ್ಕಿನಲ್ಲೇ ಬರೆಯುತ್ತಿರುವುದುಂಟು. ಕ್ಲೋನ್ ಮುಗಿದ ಕೂಡಲೇ ಯಂತ್ರ ಆಫ್ ಮಾಡಿ, ಹಳೇ ಡಿಸ್ಕಿನ ಕೇಬಲ್ ಕಿತ್ತು, ಮೊದಲ ಬೂಟ್ ಎಸ್‌ಎಸ್‌ಡಿ ಒಂದರಿಂದಲೇ ಮಾಡಿ.

ಬೂಟ್ ಆಗುವಾಗ 90 ಸೆಕೆಂಡು ಕಾದು ಎಮರ್ಜೆನ್ಸಿ ಮೋಡ್‌ಗೆ ಬಿದ್ದರೆ, ಕಿತ್ತುಹಾಕಿದ ಹಳೇ ವಿಭಾಗವೊಂದು ಎಫ್‌ಎಸ್‌ಟ್ಯಾಬ್‌ನಲ್ಲಿ ಉಳಿದಿದೆ. ಆ ಸಾಲಿನ ಮುಂದೆ # ಹಾಕಿ. ಡೇಟಾ ಡಿಸ್ಕಿನ ಸಾಲಿಗೆ ‘ನೋಫೇಲ್’ (nofail) ಸೇರಿಸಿಟ್ಟರೆ ನಾಳೆ ಆ ಡಿಸ್ಕ್ ಕೈಕೊಟ್ಟರೂ ಮನೆಯವರಿಗೆ ಯಂತ್ರ ಏಳುತ್ತದೆ. ಪ್ರತಿ ಬೂಟಿನಲ್ಲೂ 30 ಸೆಕೆಂಡು ಸುಮ್ಮನೆ ಕಾಯುತ್ತಿದ್ದರೆ ಹಳೇ ಸ್ವಾಪ್ ವಿಭಾಗವನ್ನು (ರ‍್ಯಾಮ್ ಸಾಲದಾಗ ಬಳಕೆಯಾಗುವ ಡಿಸ್ಕಿನ ಜಾಗ) ಹುಡುಕುತ್ತಿದೆ, ‘/ಇಟಿಸಿ/ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್/ಕಾನ್ಫ್.ಡಿ/ರೆಸ್ಯೂಮ್’ (/etc/initramfs-tools/conf.d/resume) ಫೈಲಿನಲ್ಲಿ ಹೊಸ ಸ್ವಾಪ್‌ನ ಯುಯುಐಡಿ ಬರೆದು ‘ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು’ (update-initramfs -u) ಓಡಿಸಿ.

ಗ್ರಾಫಿಕ್ಸ್ ಅಥವಾ ಇನ್ನಾವುದೇ ಪಿಸಿಐ ಕಾರ್ಡ್ ಹಾಕಿದ ಮೇಲೆ ಇಂಟರ್ನೆಟ್ ನಿಂತರೆ ಕೇಬಲ್ ಕಂಪನಿಗೆ ಫೋನ್ ಮಾಡುವ ಮುನ್ನ ‘ಐಪಿ ಲಿಂಕ್’ (ip link) ಕೊಟ್ಟು ನೋಡಿ. ಹೊಸ ಕಾರ್ಡಿನಿಂದ ಬಸ್ ಸಂಖ್ಯೆ ಜರುಗಿ, ನೆಟ್‌ವರ್ಕ್ ಪೋರ್ಟಿನ ಹೆಸರು ‘ಇಎನ್‌ಪಿ2ಎಸ್0’ ಇದ್ದದ್ದು ‘ಇಎನ್‌ಪಿ3ಎಸ್0’ ಆಗಿರಬಹುದು. ನೆಟ್‌ವರ್ಕ್ ಹೊಂದಿಸುವ ನೆಟ್‌ಪ್ಲಾನ್ ಅಥವಾ ಇಂಟರ್ಫೇಸಸ್ ಫೈಲಿನಲ್ಲಿ ಹಳೇ ಹೆಸರಿದ್ದರೆ ತಿದ್ದಿ.

ಗ್ರಾಫಿಕ್ಸ್ ಕಾರ್ಡಿನದೇ ದೋಷವಾದರೆ: ಲಾಂಛನವೂ ಬರದಿದ್ದಲ್ಲಿ, ಈಚಿನ ಕಾರ್ಡ್ ಯುಇಎಫ್‌ಐ ಮಾತ್ರ ಬಲ್ಲದ್ದಾಗಿದ್ದು ಬೋರ್ಡ್ ಹಳೇ ಬಯೋಸ್ ಆಗಿರಬಹುದು, ಬಯೋಸ್ ಹೊಸ ಆವೃತ್ತಿ ಇದೆಯೇ ನೋಡಿ, ಇಲ್ಲದಿದ್ದರೆ ಆ ಕಾರ್ಡ್ ಈ ಬೋರ್ಡಿಗಲ್ಲ. ಗ್ರಬ್ ಬಂದು ಆಮೇಲೆ ಕಪ್ಪಾದರೆ, ಗ್ರಬ್‌ನಲ್ಲಿ ‘ಇ’ ಒತ್ತಿ, ಲಿನಕ್ಸ್ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ (nomodeset) ಸೇರಿಸಿ ಒಳಹೊಕ್ಕು ಸರಿಯಾದ ಡ್ರೈವರ್ ಹಾಕಿ. ಎಎಂಡಿ ಕಾರ್ಡಾದರೆ ಡೆಬಿಯನ್‌ನಲ್ಲಿ ‘ಫರ್ಮ್‌ವೇರ್-ಎಎಂಡಿ-ಗ್ರಾಫಿಕ್ಸ್’ ಪ್ಯಾಕೇಜ್ ಬೇಕು.

ಗಡಿಯಾರ ಹಿಂದಕ್ಕೆ ಹೋದರೆ

ಬ್ರೌಸರ್ ಎಲ್ಲ ತಾಣಕ್ಕೂ ಪ್ರಮಾಣಪತ್ರದ ತಕರಾರು ತೆಗೆಯುತ್ತದೆ, ಅಪ್‌ಡೇಟ್ ಕೊಟ್ಟರೆ ‘ಈ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ’ ಎನ್ನುತ್ತದೆ, ಬಯೋಸ್‌ನಲ್ಲಿ ಸಾಟಾ ಮೋಡ್ (ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ಬಗೆ) ಎಎಚ್‌ಸಿಐ ಇದ್ದದ್ದು ಹಳೇ ಐಡಿಇ ಆಗಿರುತ್ತದೆ. ಬೇರೆಬೇರೆ ದೋಷದಂತೆ ಕಂಡರೂ ಮೂರಕ್ಕೂ ಕಾರಣ ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ. ಹೊಸದರಲ್ಲಿ 3 ವೋಲ್ಟ್‌ಗೂ ತುಸು ಮೇಲಿರುತ್ತದೆ, 2.7ಕ್ಕೆ ಇಳಿದಿದ್ದರೆ ಬದಲಾಯಿಸಿ. ಕ್ಯಾಬಿನೆಟ್ ಹೇಗೂ ಬಿಚ್ಚಿರುವಾಗ ಅಳೆಯದೆಯೇ ಹೊಸದು ಹಾಕುವುದು ಇನ್ನೂ ಒಳ್ಳೆಯದು. ಹಾಕಿದ ಮೇಲೆ ದಿನಾಂಕ, ಎಎಚ್‌ಸಿಐ, ಬೂಟ್ ಕ್ರಮ ಮೂರನ್ನೂ ಮತ್ತೆ ಹೊಂದಿಸಿ.

ಹೊಸ ಡಿಸ್ಕಿಗೆ ಡೇಟಾ ಒಪ್ಪಿಸುವ ಮುನ್ನ

ನಂಬಲಾಗದ ಬೆಲೆಗೆ ಬಂದ 2 ಟಿಬಿ ಎಸ್‌ಎಸ್‌ಡಿ ಅಥವಾ ಪೆನ್‌ಡ್ರೈವ್ ಆದರೆ ಮೊದಲು ‘ಎಫ್3ರೈಟ್’ (f3write), ‘ಎಫ್3ರೀಡ್’ (f3read) ಓಡಿಸಿ. ನಕಲಿ ಡಿಸ್ಕ್ ಹೇಳಿದ ಗಾತ್ರದಷ್ಟು ಬರೆದಂತೆ ನಟಿಸುತ್ತದೆ, ಓದುವಾಗ ಸಿಕ್ಕಿಬೀಳುತ್ತದೆ. ಅಸಲಿ ಹಾರ್ಡ್ ಡಿಸ್ಕಿಗೆ ‘ಸ್ಮಾರ್ಟ್‌ಸಿಟಿಎಲ್ -ಟಿ ಲಾಂಗ್’ (smartctl -t long) ಕೊಟ್ಟು ರಾತ್ರಿ ಬಿಡಿ. 2 ಟಿಬಿಗೆ ಹಲವು ಗಂಟೆ ಹಿಡಿಯುತ್ತದೆ. ಎಸ್‌ಎಸ್‌ಡಿಗೆ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಫ್‌ಎಸ್‌ಟ್ರಿಮ್.ಟೈಮರ್’ (systemctl status fstrim.timer) ಕೊಟ್ಟು ವಾರದ ಟ್ರಿಮ್ (ಅಳಿಸಿದ ಫೈಲುಗಳ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ಕೆಲಸ) ಚಾಲೂ ಇದೆಯೇ ನೋಡಿಕೊಳ್ಳಿ. ತೆಗೆದ ಹಳೇ ಡಿಸ್ಕನ್ನು ಒಂದೆರಡು ತಿಂಗಳು ಮುಟ್ಟದೆ ಕಾಗದದಲ್ಲಿ ಸುತ್ತಿ ದಿನಾಂಕ ಬರೆದಿಡಿ. ಅದರ 5, 197, 198 ಸೊನ್ನೆ ಇದ್ದರೆ ಮಾತ್ರ ಮುಂದೆ ಬ್ಯಾಕಪ್‌ಗೆ ಬಳಸಿ.